ಅಖಂಡ ಮತ್ತು ಸಮಗ್ರ

ಅಖಂಡ, ಸಮಗ್ರ ಎಂಬ ಎರಡು ಪದಗಳ ಅರ್ಥವನ್ನು ವಿದ್ಯಾರ್ಥಿಯು ಕೇಳಿದರೆ, ಎರಡಕ್ಕೂ ‘ಪೂರ್ತಿಯಾದುದು’ ಎಂದು ಬರೆಯಿಸಿ ನಾವು ಮುಂದೆ ಸಾಗುತ್ತೇವೆ. ಆದರೆ ಕನ್ನಡನಾಡಿನ ಚರಿತ್ರೆಯಲ್ಲಿ, ಗಡಿಯಾಚೆಗೆ ಉಳಿದ ನಮ್ಮ ಸ್ಥಾನವೇನೆಂದು ತಿಳಿಯಬೇಕಾದರೆ ಇವುಗಳ ಭೇದವನ್ನು ಗಮನಿಸಲೇಬೇಕು.

ಖಂಡವೆಂದರೆ ತುಂಡು, ತುಂಡಾಗದೆ ಇರುವುದು ಅಖಂಡ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ಬಾಗಿಲೊಂದಿದೆ. ಅದಕ್ಕೆ ‘ಅಖಂಡ ಬಾಗಿಲು’ ಎಂದೇ ಹೆಸರು. ಕಲ್ಲಿಗೆ ಕಲ್ಲನ್ನು ಕೂಡಿಸಿ ಮಾಡಿದ್ದಲ್ಲವಾದುದರಿಂದ ಆ ಹೆಸರು ಅದಕ್ಕೆ ಸಲ್ಲುತ್ತದೆ.

ಸಮಗ್ರ ಎಂಬ ಪದದಲ್ಲಿ ಇರುವುದು ‘ಅಗ್ರ’, ಎಂದರೆ ತುದಿ. ತುದಿಯನ್ನೂ ಬಿಡದೆ ಎಲ್ಲವನ್ನೂ ಒಳಗೊಂಡುದು ಸಮಗ್ರ. ಶರಣರ ವಚನಗಳು ತಾಳೆಯೋಲೆಗಳಲ್ಲಿ ಚದರಿಹೋಗಿದ್ದವು. ಫ. ಗು. ಹಳಕಟ್ಟಿಯವರು ಅವನ್ನು ಅರಸಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುಂದೆ 1993ರಲ್ಲಿ 15 ಸಂಪುಟಗಳು ಹೊರಬಂದಾಗ ಅವಕ್ಕೆ ‘ಸಮಗ್ರ ವಚನ ಸಂಪುಟ’ ಎಂದು ಹೆಸರಾಯಿತು. ಅನೇಕರ ಮಾತುಗಳನ್ನು ಕೂಡಿಸಿದ ಆ ಗ್ರಂಥಮಾಲೆಯನ್ನು ಯಾರೂ ಅಖಂಡವೆನ್ನಲಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಒಮ್ಮೆ ಒಡೆದುದು ಮತ್ತೆ ಅಖಂಡವಾಗಲಾರದು, ಸಮಗ್ರವಾಗಬಲ್ಲುದು.

ನಮ್ಮ ನಾಡೂ ಒಡೆದುದೇ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿಯಿತು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗುಗಳ ಆಡಳಿತಗಳಲ್ಲಿ ಹಂಚಿಹೋದರು. ಏಕೀಕರಣದ ದಿನಗಳಲ್ಲಿ ಹಿರಿಯರು ‘ಅಖಂಡ ಕರ್ನಾಟಕ’ವೆಂದು ಕೂಗಿದರು. ಆ ಕೂಗಿನಲ್ಲಿದ್ದ ಹಂಬಲ ದೊಡ್ಡದು. ಆದರೆ 1956ರ ನವೆಂಬರ್ 1ರಂದು ನಡೆದುದು ತುಂಡುಗಳನ್ನು ಕೂಡಿಸುವ ಕಾರ್ಯ. ಅದೂ ಪೂರೈಸಲಿಲ್ಲ. ಆದವಾನಿ, ರಾಯದುರ್ಗಗಳು 1953ರಲ್ಲಿಯೇ ಆಂಧ್ರಕ್ಕೆ ಸೇರಿದ್ದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು.

ಹಾಗಾದರೆ ಗಡಿಯಾಚೆಯ ನಾವು ಯಾವ ಪದವನ್ನು ಹಿಡಿಯಬೇಕು? ಅಖಂಡವೆಂಬುದನ್ನೇ ಅಳತೆಗೋಲಾಗಿಟ್ಟರೆ ನಾವು ಮುರಿದುಬಿದ್ದ ಚೂರುಗಳು ಮಾತ್ರ. ಸಮಗ್ರವೆಂಬುದನ್ನು ಹಿಡಿದರೆ ಲೆಕ್ಕವೇ ಬೇರೆ. 1949ರಲ್ಲಿ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳ ಮಂಜೇಶ್ವರವು ಇಂದು ಕೇರಳದಲ್ಲಿದೆ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಪ್ರಥಮ ಮಹಿಳಾ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆಯವರು ಹುಟ್ಟಿದುದು ಸೊಲ್ಲಾಪುರದಲ್ಲಿ. ಕರ್ನಾಟಕದ ನಕ್ಷೆಯನ್ನು ಈ ಊರುಗಳಿಲ್ಲದೆ ಬರೆಯಬಹುದು, ಬರೆದೂ ಇದ್ದಾರೆ. ಕನ್ನಡದ ಚರಿತ್ರೆಯನ್ನು ಹಾಗೆ ಬರೆಯಲಾಗದು.

ಅಧ್ಯಾಪಕ ಬಂಧುಗಳು ಇನ್ನು ಮುಂದೆ ಈ ಪದಗಳಿಗೆ ಬೇರೆಬೇರೆ ಅರ್ಥಗಳನ್ನು ಬರೆಯಿಸಲಿ. ‘ಅಗ್ರ’ವೆಂದರೆ ತುದಿಯೆಂಬುದನ್ನು ಮಕ್ಕಳು ಮರೆಯದಿರಲಿ. ನಾವು ಕನ್ನಡದ ತುದಿಯಲ್ಲಿರುವವರು. ತುದಿಯನ್ನು ಬಿಟ್ಟುದು ಸಮಗ್ರವೆನಿಸದು.