ಹಳೆಯ ಜೀಪಿನ ಆಸನ

ನಮ್ಮ ತಂದೆಯವರು 1979ರಲ್ಲಿ ಕೊಂಡ ಜೀಪು ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಅಡಿಕೆ ಮೂಟೆ ಹೇರಲೆಂದು ಹಿಂಭಾಗಕ್ಕೆ ಹಲಗೆಯ ತೊಟ್ಟಿ ಕಟ್ಟಿಸಿದ್ದರಿಂದ ಊರಿನವರ ಬಾಯಲ್ಲಿ ಅದು ‘ಪಿಕಪ್ಪು’. ಕಳೆದ ಬೇಸಿಗೆಯಲ್ಲಿ ಅದರ ಮುಂದಿನ ಆಸನಗಳನ್ನು ಬದಲಿಸಬೇಕಾಯಿತು. “ಅಣ್ಣಯ್ಯ, ಗುಜರಿಯಲ್ಲಿ ಕಾರಿನ ಸೀಟು ಸಿಗುತ್ತದೆ, ತಂದು ಕೂರಿಸಿದರಾಯಿತು” ಎಂದ ನನ್ನ ತಮ್ಮ. ಕೆಲಸ ಅಷ್ಟು ಸುಲಭದ್ದಾಗಿರಲಿಲ್ಲ.

ಚಾಲಕನ ಮೆತ್ತೆಯನ್ನು ಎತ್ತಿದರೆ ಕೆಳಗೆ ಪೆಟ್ರೋಲ್ ಟ್ಯಾಂಕು. ಇದು ಬಹಳ ಹಳೆಯ ಪದ್ಧತಿ. ಅಮೆರಿಕದಲ್ಲಿ 1925ರಲ್ಲಿ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಗಾಡಿಗೆ ತೊಟ್ಟಿ ಜೋಡಿಸಿ ಕಾರ್ಖಾನೆಯಿಂದಲೇ ಪಿಕಪ್ ಆಗಿ ಮಾರತೊಡಗಿತು. ಅದರಲ್ಲಿಯೂ ಇಂಧನವಿದ್ದುದು ಆಸನದ ಅಡಿಯಲ್ಲೇ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿಯೂ ಹಾಗೆಯೇ. ಸೈನಿಕನ ಸುಖಕ್ಕಿಂತ ಸ್ಥಳದ ಉಳಿತಾಯ ಅಲ್ಲಿ ಮುಖ್ಯವಾಗಿತ್ತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದಾಗ ಆ ವಿನ್ಯಾಸವೇ ನಮ್ಮಲ್ಲಿಗೂ ಬಂದಿತು.

ಮೆತ್ತೆಯನ್ನು ಬಿಚ್ಚಿದಾಗ ಅದರೊಳಗೆ ತುಕ್ಕು ಹಿಡಿದ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು, ಹೊರಗೆ ರೆಕ್ಸಿನ್ ಕಂಡವು. ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಒಂದು ಕಂಪನಿಯ ಕೃತಕ ಚರ್ಮದ ಹೆಸರು. ನಮ್ಮ ದೇಶದಲ್ಲಿ ಅಂಥ ಬಟ್ಟೆಗೆಲ್ಲ ಅದೇ ಹೆಸರು ನಿಂತುಬಿಟ್ಟಿತು. ನಾರಿನ ಸ್ಥಾನವನ್ನು ಈಗ ಆಕ್ರಮಿಸಿರುವ ಪಾಲಿಯುರೆಥೇನಿನ ರಸಾಯನವನ್ನು ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಮೆತ್ತನೆಯ ಫೋಮ್ ಆಗಿ ಅದು ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ಕುಶನ್ ಕೆಲಸದವನು ಮಾತ್ರ ಮೆತ್ತೆಯತ್ತ ನೋಡಲೇ ಇಲ್ಲ. “ಮೇಷ್ಟ್ರೇ, ಮೆತ್ತೆ ನಾಳೆ ಬೇಕಾದರೂ ಹೊಲಿದುಕೊಡುತ್ತೇನೆ. ಮೊದಲು ಈ ತಗಡು ನೋಡಿ” ಎಂದ. ಎಡಗಡೆಯ ಆಸನದ ಕಾಲುಗಳು ಬೋಲ್ಟುಗಳಿಂದಲ್ಲ, ದಪ್ಪ ಕಬ್ಬಿಣದ ತಂತಿಯಿಂದ ನಿಂತಿದ್ದವು.

ಆ ತಂತಿಯನ್ನು ಕಂಡೊಡನೆ 1984ರ ಮಳೆಗಾಲ ನೆನಪಾಯಿತು. ಆಗುಂಬೆಯಿಂದ ಮರಳುವಾಗ ಜೀಪು ಗುಂಡಿಗೆ ಇಳಿದ ರಭಸಕ್ಕೆ ಆಸನವೇ ಕಿತ್ತುಬಂದು, ಬಾಗಿಲಿಲ್ಲದ ಆ ಗಾಡಿಯಿಂದ ನಮ್ಮ ತಾಯಿಯವರು ರಸ್ತೆಗೆ ಬಿದ್ದರು. ಮುರಿದ ಎಡಗೈ ಮತ್ತೆಂದೂ ಭುಜದಿಂದ ಮೇಲೇಳಲಿಲ್ಲ. ತಂದೆಯವರು ಕೊನೆಯವರೆಗೂ ರಸ್ತೆಯನ್ನೇ ದೂರಿದರು. ತಂತಿ ಬಿಗಿದ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅನಂತರವೂ ಎಷ್ಟೋ ವರ್ಷ ನಾವೆಲ್ಲ ಅದರ ಮೇಲೆಯೇ ಕುಳಿತು, ಮಕ್ಕಳನ್ನೂ ಕೂರಿಸಿಕೊಂಡು ಓಡಾಡಿದೆವು!

ಸ್ವೀಡನ್ನಿನ ವೋಲ್ವೊ ಕಂಪನಿಯ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುಗಳ ಸುರಕ್ಷಾ ಪಟ್ಟಿ 1959ರಲ್ಲಿಯೇ ಕಾರುಗಳಿಗೆ ಬಂದಿತ್ತು. ನಮ್ಮ ದೇಶದಲ್ಲಿ ಹೊಸ ಕಾರುಗಳ ಮುಂದಿನ ಆಸನಗಳಿಗೆ ಅದು ಕಡ್ಡಾಯವಾದದ್ದು 1994ರಲ್ಲಿ. ಆದರೆ ಆಸನವೇ ಭದ್ರವಾಗಿಲ್ಲದಿದ್ದರೆ ಪಟ್ಟಿಯಿಂದ ಪೂರ್ಣ ಪ್ರಯೋಜನವಿಲ್ಲ.

ಆದ್ದರಿಂದ ಗುಜರಿಯ ಸೀಟಿನ ಯೋಚನೆಯನ್ನು ಬದಿಗಿಟ್ಟೆವು. ಟ್ಯಾಂಕನ್ನು ಕಳಚಿ ದೂರವಿರಿಸಿದ ಮೇಲೆಯೇ ವೆಲ್ಡಿಂಗ್ ನಡೆಯಿತು. ಪೆಟ್ರೋಲ್ ಬಸಿದ ಟ್ಯಾಂಕಿನಲ್ಲಿ ಉಳಿಯುವ ಆವಿಯೂ ಸಿಡಿಯಬಲ್ಲದು. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಬೋಲ್ಟುಗಳ ಕೆಳಗೆ ಅಗಲವಾದ ಉಕ್ಕಿನ ಪಟ್ಟಿಗಳನ್ನು ಕೊಟ್ಟರು. ಆಸನಗಳ ಹಿಂದೆ ಚಾಸಿಗೆ ಬಿಗಿದ ಕೊಳವೆಯ ಚೌಕಟ್ಟನ್ನು ನಿಲ್ಲಿಸಿ ಸುರಕ್ಷಾ ಪಟ್ಟಿಗಳನ್ನು ಅಳವಡಿಸಿದರು. ಮೆತ್ತೆ ಹೊಲಿದದ್ದು ಎಲ್ಲಕ್ಕಿಂತ ಕೊನೆಗೆ.

ಹಳೆಯ ನಾರನ್ನು ತಮ್ಮ ಅಡಿಕೆ ಸಸಿಗಳ ಬುಡಕ್ಕೆ ಹಾಕಿದ. ತಂತಿಯ ತುಂಡನ್ನು ಮಾತ್ರ ನಾನು ಎಸೆಯಲಿಲ್ಲ. ಜೀಪಿನ ಕೀಲಿಕೈ ತೂಗುಹಾಕುವ ಮೊಳೆಗೆ ಅದನ್ನು ಸುತ್ತಿದ್ದೇನೆ. ಮೊನ್ನೆ ಮೊಮ್ಮಗಳು ಪಟ್ಟಿ ಕಟ್ಟಿಕೊಳ್ಳಲು ಹಟ ಮಾಡಿದಾಗ ಅದನ್ನು ತೋರಿಸಿ, ಅವಳ ಮುತ್ತಜ್ಜಿಯ ಕೈಯ ಕತೆ ಹೇಳಿದೆ.