ಮೊಬೈಲ್ ಮೂಲಕ ನಾಗರಿಕ ನಿಗಾ

ನೀರು, ಪಡಿತರ, ರಸ್ತೆ, ಬೀದಿದೀಪದಂಥ ಸಾರ್ವಜನಿಕ ಸೇವೆಗಳು ಸರಿಯಾಗಿ ಸಿಗುತ್ತಿವೆಯೇ ಎಂಬುದನ್ನು ಜನರೇ ಗಮನಿಸಿ ಫೋನಿನಲ್ಲಿ ತಿಳಿಸುವ ಪದ್ಧತಿ. ಉತ್ತರ ಕರ್ನಾಟಕದಲ್ಲಿ ಇದರ ಗಮನಾರ್ಹ ಪ್ರಯೋಗ ನಡೆದದ್ದು 2010ರ ದಶಕದ ಆರಂಭದಲ್ಲಿ, ನಳದ ನೀರಿಗೆ ದಿನಗಟ್ಟಲೆ ಕಾಯುತ್ತಿದ್ದ ಹುಬ್ಬಳ್ಳಿ-ಧಾರವಾಡದಲ್ಲಿ. ಯಾವ ಓಣಿಗೆ ನೀರು ಬಿಡುತ್ತಿದ್ದೇವೆಂದು ವಾಲ್ವ್‌ಮನ್‌ಗಳು ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆಗೆ ಕರೆ ಮಾಡಿ ಹೇಳುತ್ತಿದ್ದರು. ಆ ಸುದ್ದಿ ಎಸ್ಸೆಮ್ಮೆಸ್ ಆಗಿ ಮನೆಗಳಿಗೆ ಹೋಗುತ್ತಿತ್ತು. ನೀರು ನಿಜಕ್ಕೂ ಬಂತೇ ಎಂದು ನಿವಾಸಿಗಳನ್ನೇ ಕೇಳಿ ಖಚಿತಪಡಿಸಿಕೊಳ್ಳಲಾಗುತ್ತಿತ್ತು. ಕೆಲಸ ಬೆಂಗಳೂರಿಗೆ ವಿಸ್ತರಿಸಿದಾಗ ಅಧ್ಯಯನಕಾರರಿಗೆ ತೊಡಕುಗಳು ಕಂಡವು: ಎಲ್ಲ ವಾಲ್ವ್‌ಮನ್‌ಗಳೂ ಮಾಹಿತಿಯನ್ನು ತಪ್ಪದೆ ಕೊಡುತ್ತಿರಲಿಲ್ಲ. ನೀರಿಗಾಗಿ ಮನೆಯಲ್ಲಿ ಕಾಯುತ್ತಿದ್ದವರು ಹೆಂಗಸರು, ಸಂದೇಶ ಹಲವೆಡೆ ಬರುತ್ತಿದ್ದುದು ಹೊರಗೆ ದುಡಿಯುವ ಗಂಡಸರ ಫೋನಿಗೆ. ಇಂಥ ಯಾವುದೇ ಯೋಜನೆಯವರು ಮೊದಲು ಗಮನಿಸಬೇಕಾದ ಸಂಗತಿಯಿದು.

ಹಳ್ಳಿಗಳಿಗೆ 2023ರಲ್ಲಿ ಪಂಚಮಿತ್ರ ವಾಟ್ಸ್‌ಆ್ಯಪ್ ಸೇವೆ ಬಂತು. ಗದಗ ತಾಲ್ಲೂಕಿನ ಲಕ್ಕುಂಡಿಯೂ ಸೇರಿ ರಾಜ್ಯದ ಗ್ರಾಮ ಪಂಚಾಯತಿಗಳ ಜನ ಇದರಲ್ಲಿ ಪಂಚಾಯತಿಯ ಮಾಹಿತಿ ಪಡೆಯಬಹುದು, ಕುಂದುಕೊರತೆ ಹೇಳಿಕೊಳ್ಳಬಹುದು. ರಾಜ್ಯ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಾದ ಜನಸ್ಪಂದನದ 1902 ಸಹಾಯವಾಣಿಗೆ ಸ್ಮಾರ್ಟ್‌ಫೋನೂ ಬೇಡ; ಬಟನ್ ಫೋನಿನಿಂದ ಕರೆ ಮಾಡಿ ಕನ್ನಡದಲ್ಲೇ ದೂರು ದಾಖಲಿಸಬಹುದು. ಓದು ಬಾರದವರ ಪಾಲಿಗೆ ಇದೇ ಹೆಚ್ಚು ನಂಬಿಕೆಯ ದಾರಿ.