‘ವಿಸಿಟ್ ವೀಸಾ ಸಾಕು, ಕೆಲಸ ಅಲ್ಲಿ ಹೋದ ಮ್ಯಾಲೆ’: ವಿದೇಶ ಪ್ರಯಾಣದ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

‘ಪಾಸ್‌ಪೋರ್ಟ್ ಇದ್ರ ಸಾಕು, ಹತ್ತು ದಿನದಾಗ ದುಬೈ.’ ‘ಭಾರತೀಯರಿಗೆ ಈಗ 60 ದೇಶಕ್ಕೆ ವೀಸಾನೇ ಬ್ಯಾಡ.’ ‘ಉಮ್ರಾಕ್ಕೆ ಹೋಗಿ ಅಲ್ಲೇ ಉಳಿದು ಹಜ್ ಮುಗಿಸಿಕೊಂಡು ಬರಬಹುದು.’ ಗೊಬ್ಬೂರ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುವವರಿಗೆ ಇಂಥ ಧಾಟಿಯ ಸಂದೇಶಗಳು ಹೊಸದಲ್ಲ. ಕೆಲವದರಲ್ಲಿ ಅರ್ಧ ಸತ್ಯ ಇದೆ, ಕೆಲವದರಲ್ಲಿ ಅದೂ ಇಲ್ಲ. ಇವನ್ನು ನಂಬಿದರೆ ಬರೀ ಟಿಕೆಟ್ ದುಡ್ಡು ಹೋಗುವುದಿಲ್ಲ, ಜೀವವೇ ಅಪಾಯಕ್ಕೆ ಸಿಕ್ಕ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಒಂದೊಂದಾಗಿ ನೋಡೋಣ.

ಮೊದಲು, ವೀಸಾ ಎಂದರೇನು?

ಪಾಸ್‌ಪೋರ್ಟ್ ಕೊಡುವುದು ನಮ್ಮ ದೇಶ, ವೀಸಾ ಕೊಡುವುದು ನೀವು ಹೋಗುವ ದೇಶ. ‘ಇಂಥ ಕಾರಣಕ್ಕೆ, ಇಷ್ಟು ದಿನ ನಮ್ಮಲ್ಲಿ ಇರಬಹುದು’ ಎಂದು ಆ ದೇಶ ಕೊಡುವ ಅನುಮತಿಯೇ ವೀಸಾ. ಇದರಲ್ಲಿ ‘ಕಾರಣ’ ಎಂಬ ಮಾತು ಮುಖ್ಯ. ಪ್ರವಾಸ, ಬಂಧುಗಳ ಭೇಟಿ, ವ್ಯಾಪಾರದ ಮಾತುಕತೆ, ಚಿಕಿತ್ಸೆ, ಓದು, ಕೆಲಸ ಇವಕ್ಕೆಲ್ಲ ಬೇರೆ ಬೇರೆ ವೀಸಾ ಇರುತ್ತದೆ. ಸ್ವಲ್ಪ ದಿನಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು ಪ್ರವಾಸಿ ವೀಸಾ ಅಥವಾ ವಿಸಿಟ್ ವೀಸಾ.

ವಾದ 1: ‘ಭಾರತೀಯರಿಗೆ 60 ದೇಶಕ್ಕೆ ವೀಸಾ ಬೇಡ’

ಇದು ಅರ್ಧ ಸತ್ಯ. ಪಾಸ್‌ಪೋರ್ಟ್‌ಗಳಿಗೆ ಅಂತರರಾಷ್ಟ್ರೀಯ ರ‍್ಯಾಂಕ್ ಕೊಡುವ ಪಟ್ಟಿಗಳಲ್ಲಿ ಭಾರತದ ಮುಂದೆ 60ರ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಆದರೆ ಆ ಲೆಕ್ಕದಲ್ಲಿ ಬೇರೆ ಬೇರೆ ಬಗೆಯ ದೇಶಗಳು ಒಟ್ಟಿಗೆ ಸೇರಿವೆ:

- ವೀಸಾ ಬೇಡವೇ ಬೇಡ ಎನ್ನುವ ದೇಶಗಳು. ನೇಪಾಳ, ಭೂತಾನ್ ಇದಕ್ಕೆ ಉದಾಹರಣೆ.
- ವಿಮಾನ ಇಳಿದ ಮೇಲೆ ವೀಸಾ ಕೊಡುವ ದೇಶಗಳು. ಇಲ್ಲಿ ಶುಲ್ಕ, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೇಳಬಹುದು.
- ಹೊರಡುವ ಮುನ್ನವೇ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕಾದ ದೇಶಗಳು. ಶ್ರೀಲಂಕಾದ ಇಟಿಎ ಈ ಬಗೆಯದು.

ವೀಸಾ ಬೇಡ ಎಂದರೆ ಕಾಗದ ಬೇಡ ಎಂದೂ ಅಲ್ಲ. ಥಾಯ್ಲೆಂಡ್ 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟಿತು. ಆದರೂ 2025ರ ಮೇ 1ರಿಂದ ಅಲ್ಲಿಗೆ ಹೋಗುವ ಪ್ರತಿ ವಿದೇಶಿ ಪ್ರಯಾಣಿಕ ಮೊದಲೇ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಇನ್ನೊಂದು ಸಂಗತಿ, ಈ ನಿಯಮಗಳು ಬೇಗ ಬದಲಾಗುತ್ತವೆ. ಇರಾನ್ 2024ರ ಫೆಬ್ರುವರಿಯಲ್ಲಿ ಭಾರತೀಯ ಪ್ರವಾಸಿಗಳಿಗೆ 15 ದಿನ ವೀಸಾ ವಿನಾಯಿತಿ ಕೊಟ್ಟಿತು. ಕೆಲಸದ ಆಸೆ ತೋರಿಸಿ, ಇಲ್ಲವೇ ಮುಂದೆ ಬೇರೆ ದೇಶಕ್ಕೆ ಕಳಿಸುತ್ತೇವೆ ಎಂದು ನಂಬಿಸಿ ಕರೆದೊಯ್ದ ಭಾರತೀಯರನ್ನು ಅಲ್ಲಿ ಅಪಹರಿಸಿ ಒತ್ತೆಹಣ ಕೇಳಿದ ಪ್ರಕರಣಗಳು ನಡೆದವು. ಹೀಗಾಗಿ 2025ರ ನವೆಂಬರ್ 22ರಿಂದ ಆ ವಿನಾಯಿತಿ ನಿಂತಿತು. ಹಳೆಯ ಫಾರ್ವರ್ಡ್ ಮಾತ್ರ ಇನ್ನೂ ಓಡಾಡುತ್ತಲೇ ಇರುತ್ತದೆ.

ವಾದ 2: ‘ನೇಪಾಳಕ್ಕೆ ಆಧಾರ್ ತೋರಿಸಿದರೆ ಸಾಕು’

ಎಲ್ಲರಿಗೂ ಅಲ್ಲ. ವೀಸಾ ಬೇಡ ನಿಜ. ಆದರೆ ವಿಮಾನದಲ್ಲಿ ನೇಪಾಳಕ್ಕೆ ಹೋಗುವ ವಯಸ್ಕರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇಟ್ಟುಕೊಂಡಿರಬೇಕು. 15 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದ ಹಿರಿಯರಿಗೆ ಮಾತ್ರ ಆಧಾರ್‌ನಂಥ ಫೋಟೊ ಇರುವ ಗುರುತಿನ ಚೀಟಿ ನಡೆಯುತ್ತದೆ. ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಗುಂಪಾಗಿ ಹೊರಡುವವರು ಇದನ್ನು ಗಮನಿಸಬೇಕು. ಅಜ್ಜಿಯ ಆಧಾರ್ ನಡೆದರೂ ಜೊತೆಗಿರುವ ಮಗನ ಆಧಾರ್ ನಡೆಯುವುದಿಲ್ಲ.

ವಾದ 3: ‘ವೀಸಾ ಸಿಕ್ಕ ಮೇಲೆ ಯಾರೂ ತಡೆಯುವಂತಿಲ್ಲ’

ತಪ್ಪು. ವೀಸಾ ಎಂದರೆ ಆ ದೇಶದ ಬಾಗಿಲವರೆಗೆ ಹೋಗಲು ಅನುಮತಿ. ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅಲ್ಲಿನ ಇಮಿಗ್ರೇಷನ್ ಅಧಿಕಾರಿ. ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್, ಖರ್ಚಿಗೆ ಎಷ್ಟಿದೆ ಎಂದು ಅವರು ಕೇಳಬಹುದು. ಉತ್ತರ ಹೊಂದದಿದ್ದರೆ ಮುಂದಿನ ವಿಮಾನದಲ್ಲೇ ವಾಪಸ್ ಕಳಿಸಬಹುದು. ಅದಕ್ಕೂ ಮೊದಲು ನಮ್ಮ ವಿಮಾನ ನಿಲ್ದಾಣದಲ್ಲೇ ಏರ್‌ಲೈನ್ಸ್ ಸಿಬ್ಬಂದಿ ಕಾಗದ ನೋಡುತ್ತಾರೆ. ಇಲ್ಲಿ ಹೆಚ್ಚಿನವರು ಎಡವುವುದು ಈ ಮೂರು ಕಡೆ:

1. ಪಾಸ್‌ಪೋರ್ಟ್ ಅವಧಿ: ಬಹಳಷ್ಟು ದೇಶಗಳು ನೀವು ತಲುಪುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಮೂರು ತಿಂಗಳಲ್ಲಿ ಮುಗಿಯುವ ಪಾಸ್‌ಪೋರ್ಟ್ ಹಿಡಿದು ಹೋದರೆ ವಿಮಾನ ಹತ್ತಲು ಬಿಡದೇ ಇರಬಹುದು.
2. ಹೆಸರು: ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳೇ ಟಿಕೆಟ್ ಮತ್ತು ವೀಸಾದಲ್ಲಿ ಇರಬೇಕು. ತಂದೆಯ ಹೆಸರು, ಮನೆತನದ ಹೆಸರು ಹಿಂದುಮುಂದಾಗುವುದು ನಮ್ಮ ಕಡೆ ಸಾಮಾನ್ಯ. ಬುಕ್ ಮಾಡುವಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಳ್ಳಿ.
3. ಬ್ಯಾಂಕ್ ಖಾತೆ: ‘ಎರಡು ದಿನಕ್ಕೆ ಎರಡು ಲಕ್ಷ ಹಾಕಿಸಿ ತೋರಿಸಿ’ ಎಂಬ ಸಲಹೆ ನಂಬಬೇಡಿ. ರಾಯಭಾರ ಕಚೇರಿಗಳು ಹಲವು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತವೆ. ಒಮ್ಮೆಲೇ ಬಂದ ದೊಡ್ಡ ಮೊತ್ತ ಎದ್ದು ಕಾಣುತ್ತದೆ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷದವರೆಗೆ ವೀಸಾ ನಿರಾಕರಿಸಬಹುದು.

ಯುರೋಪಿನ 29 ದೇಶಗಳ ಷೆಂಗೆನ್ ವೀಸಾಕ್ಕೆ ಇನ್ನೆರಡು ಷರತ್ತು ಇವೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಒಂದು ದಿನ ಹೊರಬಂದು ಮತ್ತೆ ಒಳಹೊಕ್ಕರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ವಾದ 4: ‘ವಿಸಿಟ್ ವೀಸಾ ಮೇಲೆ ಹೋಗಿ ಕೆಲಸ ಮಾಡಬಹುದು’

ಇಲ್ಲ. ಇರುವ ಎಲ್ಲ ವಾದಗಳಲ್ಲಿ ಅತಿ ಅಪಾಯದ್ದು ಇದೇ. ಯುಎಇಯಲ್ಲಿ ವಿಸಿಟ್ ವೀಸಾ ಮೇಲೆ ಕೆಲಸ ಮಾಡುವುದು ಕಾನೂನುಬಾಹಿರ. ಅವಧಿ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಂ, ಅಂದರೆ ನಮ್ಮ ಲೆಕ್ಕದಲ್ಲಿ 1,100 ರೂಪಾಯಿಗೂ ಹೆಚ್ಚು ದಂಡ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಅನುಮತಿ ಇಲ್ಲದೆ ಕೆಲಸ ಮಾಡುವವನಿಗೆ ಸಂಬಳ ಕೊಡದಿದ್ದರೂ, ಪಾಸ್‌ಪೋರ್ಟ್ ಕಿತ್ತುಕೊಂಡರೂ ದೂರು ಕೊಡಲು ಧೈರ್ಯ ಬರುವುದಿಲ್ಲ. ಏಕೆಂದರೆ ದೂರು ಕೊಟ್ಟರೆ ಮೊದಲು ಹೊರಬೀಳುವುದು ಅವನದೇ ತಪ್ಪು.

ಕಲಬುರಗಿ ಜಿಲ್ಲೆ ಇದರ ಇನ್ನೊಂದು ಮುಖವನ್ನು ಹತ್ತಿರದಿಂದ ಕಂಡಿದೆ. 2023ರ ಕೊನೆಯಲ್ಲಿ ಜಿಲ್ಲೆಯ ಕೆಲವು ಯುವಕರು ಮತ್ತು ಪಕ್ಕದ ತೆಲಂಗಾಣದ ನಾರಾಯಣಪೇಟೆಯ ಒಬ್ಬ ಯುವಕ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದರು. ಸೆಕ್ಯುರಿಟಿ, ಸಹಾಯಕ ಕೆಲಸ ಎಂದು ಹೇಳಿ ಕರೆದೊಯ್ದವರನ್ನು ಅಲ್ಲಿ ಸೇನೆಗೆ ಸೇರಿಸಿ ಉಕ್ರೇನ್ ಯುದ್ಧದ ಗಡಿಗೆ ಕಳಿಸಲಾಯಿತು. 2024ರ ಫೆಬ್ರುವರಿಯಲ್ಲಿ ಅವರು ಕಳಿಸಿದ ವಿಡಿಯೊದಿಂದ ವಿಷಯ ಹೊರಬಂತು. ಅದೇ ಜಾಲಕ್ಕೆ ಸಿಕ್ಕಿದ್ದ ಗುಜರಾತಿನ ಸೂರತ್‌ನ ಯುವಕನೊಬ್ಬ ಯುದ್ಧಭೂಮಿಯಲ್ಲೇ ಸತ್ತ. ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಜುಲೈನಲ್ಲಿ ಮಾಸ್ಕೊಗೆ ಹೋಗಿದ್ದ ಪ್ರಧಾನಿ ಈ ವಿಷಯ ಎತ್ತಿದರು. ನಮ್ಮ ಜಿಲ್ಲೆಯ ಯುವಕರು ಮನೆ ಸೇರಿದ್ದು ಸೆಪ್ಟೆಂಬರ್ ಹೊತ್ತಿಗೆ.

ಥಾಯ್ಲೆಂಡ್ ಮೂಲಕ ನಡೆಯುವ ವಂಚನೆಯೂ ಇಂಥದ್ದೇ. ‘ಡೇಟಾ ಎಂಟ್ರಿ ಕೆಲಸ’ ಎಂದು ಬ್ಯಾಂಕಾಕ್‌ಗೆ ಕರೆಸಿ, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳುತ್ತಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಎರಡೇ ದಿನಕ್ಕೆ 549 ಭಾರತೀಯರನ್ನು ವಾಪಸ್ ಕರೆತರಬೇಕಾಯಿತು.

ಹಾಗಾದರೆ ಕೆಲಸಕ್ಕೆ ಹೋಗುವ ಸರಿಯಾದ ದಾರಿ ಯಾವುದು? 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದ ಪರವಾನಗಿ ಪಡೆದಿರಲೇಬೇಕು. ಪರವಾನಗಿ ಇರುವವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ‘ಮೂರು ಲಕ್ಷ ಕೊಡು’ ಎಂದವನ ಬಗ್ಗೆ ಇನ್ನೇನು ಹೇಳಬೇಕು?

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಇರುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಇದು ಅಡ್ಡಿಯಲ್ಲ, ರಕ್ಷಣೆ. ಇದರಲ್ಲಿ ಕೆಲಸದ ಕರಾರು ಪರಿಶೀಲನೆಯಾಗುತ್ತದೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಸಿಗುತ್ತದೆ. ವಿಸಿಟ್ ವೀಸಾ ಮೇಲೆ ಹೋಗುವವನಿಗೆ ಈ ಪರಿಶೀಲನೆಯೇ ಇಲ್ಲ. ಏಜೆಂಟ್ ಆ ದಾರಿ ಹಿಡಿಯುವುದೂ ಅದಕ್ಕೇ. ರಷ್ಯಾ ಈ 18 ದೇಶಗಳ ಪಟ್ಟಿಯಲ್ಲಿ ಇಲ್ಲ. ಅಂಥ ಕಡೆ ಹೋಗುವಾಗ ಏಜೆಂಟನ ಪರವಾನಗಿ, ಕರಾರಿನ ಭಾಷೆ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

ವಾದ 5: ‘ಉಮ್ರಾ ಅಥವಾ ವಿಸಿಟ್ ವೀಸಾ ಇದ್ದರೆ ಹಜ್ ಮಾಡಬಹುದು’

ಇಲ್ಲ. ಹಜ್‌ಗೆ ಹಜ್ ವೀಸಾ ಮತ್ತು ಪರವಾನಗಿಯೇ ಬೇಕು. ಭಾರತದಿಂದ ಅದು ಹಜ್ ಸಮಿತಿ ಅಥವಾ ಸರ್ಕಾರದ ನೋಂದಣಿ ಇರುವ ಖಾಸಗಿ ಸಂಘಟಕರ ಮೂಲಕ ಮಾತ್ರ. 2025ರಲ್ಲಿ ಸೌದಿ ಸರ್ಕಾರ ಉಮ್ರಾ ಯಾತ್ರಿಕರು ಏಪ್ರಿಲ್ 29ರೊಳಗೆ ದೇಶ ಬಿಡಬೇಕೆಂದು ಗಡುವು ಕೊಟ್ಟಿತ್ತು. ಪರವಾನಗಿ ಇಲ್ಲದೆ ಹಜ್‌ಗೆ ಯತ್ನಿಸಿದವರಿಗೆ 20,000 ರಿಯಾಲ್‌ವರೆಗೆ ದಂಡ ಎಂದಿತ್ತು. ಅದು ನಾಲ್ಕೂವರೆ ಲಕ್ಷ ರೂಪಾಯಿಗೂ ಹೆಚ್ಚು.

ದಂಡಕ್ಕಿಂತ ದೊಡ್ಡದು ಜೀವ. 2024ರ ಹಜ್ ವೇಳೆ ಬಿಸಿಲ ಝಳಕ್ಕೆ 1,301 ಜನ ಸತ್ತರೆಂದು ಸೌದಿ ಸರ್ಕಾರ ತಿಳಿಸಿತು. ಅವರಲ್ಲಿ ಶೇ 83ರಷ್ಟು ಜನ ಪರವಾನಗಿ ಇಲ್ಲದವರು. ಡೇರೆಯ ನೆರಳು, ಎ.ಸಿ. ಬಸ್ಸು ಅವರಿಗಿರಲಿಲ್ಲ, ಉರಿಬಿಸಿಲಲ್ಲಿ ದೂರ ನಡೆದವರು ಅವರು.

ಲಸಿಕೆ, ಮಾತ್ರೆ ಮತ್ತು ಗಸಗಸೆ

ವೀಸಾ ಕೈಲಿದ್ದರೂ ಆರೋಗ್ಯದ ಕಾಗದ ಇಲ್ಲದೆ ತೊಂದರೆಯಾಗಬಹುದು.

- ಹಜ್, ಉಮ್ರಾ ಯಾತ್ರಿಕರು ಮೆನಿಂಜೈಟಿಸ್ ಲಸಿಕೆಯನ್ನು ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಹಿಂದಿನ ದಿನ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ದೇಹ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳಲು ಅಷ್ಟು ದಿನ ಬೇಕು.
- ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಇದನ್ನು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಪ್ರಮಾಣಪತ್ರ 10 ದಿನದ ನಂತರ ಜಾರಿಗೆ ಬಂದು ಜೀವನಪೂರ್ತಿ ನಡೆಯುತ್ತದೆ. ಆ ರೋಗ ಇರುವ ದೇಶದಿಂದ ಲಸಿಕೆ ಇಲ್ಲದೆ ಭಾರತಕ್ಕೆ ಮರಳಿದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.
- ನೋವು, ನಿದ್ದೆ, ಕೆಮ್ಮಿಗೆ ಕೊಡುವ ಕೆಲವು ಔಷಧಗಳು ಕೊಲ್ಲಿ ದೇಶಗಳಲ್ಲಿ ನಿಯಂತ್ರಿತ ವಸ್ತುಗಳು. ಟ್ರಮಡಾಲ್, ಕೊಡೀನ್ ಇಂಥವು. ವೈದ್ಯರ ಚೀಟಿ, ಮೂಲ ಪ್ಯಾಕ್ ಜೊತೆಗಿರಲಿ, ಅನುಮತಿ ಬೇಕಿದ್ದರೆ ಮೊದಲೇ ಪಡೆಯಿರಿ.
- ಗಸಗಸೆ ಒಯ್ಯಲೇಬೇಡಿ. ನಮಗದು ಪಾಯಸದ ಸಾಮಾನು. ಆದರೆ ಅಫೀಮು ಗಿಡದ ಬೀಜ ಆದ್ದರಿಂದ ಯುಎಇ, ಸೌದಿಯಲ್ಲಿ ನಿಷೇಧ. ‘ನಮ್ಮವರಿಗೆ ಕೊಡ್ರಿ’ ಎಂದು ಬೇರೆಯವರು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ.

ವಿದೇಶದಿಂದ ನಮ್ಮ ಕಡೆ ಬರುವವರಿಗೆ

ಗಾಣಗಾಪುರದ ದತ್ತ ಕ್ಷೇತ್ರಕ್ಕೋ ಖಾಜಾ ಬಂದೇ ನವಾಜ್ ದರ್ಗಾದ ಉರುಸಿಗೋ ವಿದೇಶಿ ಪೌರರು ನಿಮ್ಮ ಮನೆಗೆ ಬರುವುದಿದ್ದರೆ ಅವರಿಗೂ ನಿಯಮಗಳಿವೆ. ಹಲವು ದೇಶದವರಿಗೆ ಭಾರತದ ಇ-ವೀಸಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇದ್ದರೂ ಅದು ಅಂತರರಾಷ್ಟ್ರೀಯ ನಿಲ್ದಾಣವಲ್ಲ. ಹೈದರಾಬಾದ್, ಬೆಂಗಳೂರಿನಂಥ ಕಡೆ ಇಳಿದು ತಪಾಸಣೆ ಮುಗಿಸಿ ಬರಬೇಕು. 2025ರ ಅಕ್ಟೋಬರ್ 1ರಿಂದ ವಿದೇಶಿಯರು ಬರುವ ಮುನ್ನ ಇ-ಅರೈವಲ್ ಕಾರ್ಡ್ ತುಂಬುವ ಪದ್ಧತಿ ಇದೆ, ಅದು ಉಚಿತ. ವಿದೇಶಿಯರನ್ನು ಉಳಿಸಿಕೊಳ್ಳುವ ಹೋಟೆಲ್, ಲಾಡ್ಜ್ ಅಥವಾ ಮನೆಯವರು 24 ಗಂಟೆಯೊಳಗೆ ಅವರ ಮಾಹಿತಿ ಸಲ್ಲಿಸಬೇಕು.

ದುಡ್ಡು ಕೊಡುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

- ಸಂದೇಶದಲ್ಲಿ ದಿನಾಂಕ ಇದೆಯೇ ನೋಡಿ. ದಿನಾಂಕ ಇಲ್ಲದ ವೀಸಾ ಸುದ್ದಿಯನ್ನು ನಂಬಬೇಡಿ.
- ಆ ದೇಶದ ರಾಯಭಾರ ಕಚೇರಿ ಅಥವಾ ಇಮಿಗ್ರೇಷನ್ ಇಲಾಖೆಯ ಜಾಲತಾಣದಲ್ಲಿ ಅದೇ ಮಾತು ಇದೆಯೇ ಪರೀಕ್ಷಿಸಿ.
- ವೀಸಾದ ಮೇಲೆ ಬರೆದ ‘ಕಾರಣ’ ಓದಿಸಿಕೊಳ್ಳಿ. ಪ್ರವಾಸ ಎಂದಿದ್ದರೆ ಕೆಲಸ ಅಲ್ಲ.
- ಏಜೆಂಟನ ಪರವಾನಗಿ ಸಂಖ್ಯೆ ಕೇಳಿ, ಇ-ಮೈಗ್ರೇಟ್‌ನಲ್ಲಿ ಹುಡುಕಿ.
- ಪಾಸ್‌ಪೋರ್ಟ್, ವೀಸಾ, ಕರಾರಿನ ನಕಲು ಮನೆಯವರ ಬಳಿ ಇರಲಿ. ಹೊರಗೆ ಏನಾದರೂ ಆದರೆ ಹುಡುಕಲು ಮೊದಲು ಬೇಕಾಗುವುದು ಅದೇ.

ಅನುಮಾನ ಇದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಿ. ವಿದೇಶದಲ್ಲಿ ಸಿಕ್ಕಿಬಿದ್ದವರ ಪರವಾಗಿ ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ತೀರ್ಮಾನ: ‘ವಿಸಿಟ್ ವೀಸಾ ಮೇಲೆ ಕೆಲಸ’, ‘ಉಮ್ರಾ ವೀಸಾ ಮೇಲೆ ಹಜ್’, ‘ವೀಸಾ ಇದ್ದರೆ ತಡೆಯುವಂತಿಲ್ಲ’ ಇವು ಸುಳ್ಳು. ‘60 ದೇಶಕ್ಕೆ ವೀಸಾ ಬೇಡ’, ‘ನೇಪಾಳಕ್ಕೆ ಆಧಾರ್ ಸಾಕು’ ಇವು ಅರ್ಧ ಸತ್ಯ. ನಿಮ್ಮ ಓಣಿಯಲ್ಲಿ ಯಾರಾದರೂ ಹೊರಡುವ ತಯಾರಿಯಲ್ಲಿದ್ದರೆ ಆ ಹಳೆಯ ಫಾರ್ವರ್ಡ್ ಬದಲು ಇದನ್ನು ಕಳಿಸಿ.